ಬಾಟಲಿಯೊಳಗಿನ ಗೆರೆ

ಅರಕೆರೆಯ ಅಂದಾನಯ್ಯನವರ ಮನೆಗೆ ಕಾರು ಬಂದದ್ದು ಎತ್ತುಗಳ ಹಿಂದೆ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಒಂದು ಜೊತೆ ಎತ್ತು ಮಾರಿ ಮಗ ಮರಿಸ್ವಾಮಿ ಕೊಂಡ ಕಾರನ್ನು, ಕೊಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಜೊತೆ ಎತ್ತು ಮೈಸೂರಿನಿಂದ ಎಳೆದು ತಂದಿದ್ದವು. ಬಿಲಾತಿಯ ಹಳೇ ರೇಸು ಕಾರು. ಎರಡೇ ಸೀಟು, ಉದ್ದ ಮೂತಿ, ಮೊಣಕಾಲೆತ್ತರದ ಬಾಗಿಲು. ತಲೆಯ ಮೇಲೆ ಸೂರೆಂಬುದಿಲ್ಲ. ದೊಡ್ಡ ಯುದ್ಧಕ್ಕೂ ಮೊದಲು ಯಾರೋ ಕಾಫಿತೋಟದ ದೊರೆ ಅದನ್ನು ಪಂದ್ಯಕ್ಕೆ ಓಡಿಸುತ್ತಿದ್ದನಂತೆ. ಊರಿಗೆ ಬಂದ ದಿನ ಅದರ ಸೀಟಿನ ಕೆಳಗೆ ಎರಡು ಕೋಳಿಮೊಟ್ಟೆ ಸಿಕ್ಕಿದ್ದವು.

"ಎತ್ತಾಗಿದ್ರೆ ಸಗಣಿನಾದ್ರೂ ಆಕ್ತಿತ್ತು ಕಣ್ಲಾ," ಎಂದಿದ್ದರು ಅಂದಾನಯ್ಯ. "ಇದು ಏನಾಕ್ತದೆ? ಒಗೆ."

ಅದು ಹೊಗೆ ಹಾಕುವುದಕ್ಕೇ ಒಂದು ವರ್ಷ ಹಿಡಿಯಿತು. ಮರಿಸ್ವಾಮಿ ಹಟ ಬಿಡುವ ಪೈಕಿಯಲ್ಲ. ಇಂಜಿನ್ನಿಗೆ ಬೇಕಾಗಿದ್ದ ಒಂದು ಒಡಕು ಹಿತ್ತಾಳೆ ತುಂಡನ್ನು ನಾಗಮಂಗಲಕ್ಕೆ ಹೊತ್ತು, ದೀಪದ ಕಂಬ ಎರಕ ಹೊಯ್ಯುವವರ ಮುಂದೆ ಕುಳಿತು, ಅಂಥದ್ದೇ ಇನ್ನೊಂದು ಹೊಯ್ಸಿಕೊಂಡು ಬಂದ. ಸೀಟಿಗೆ ಮನೆಯ ತೆಂಗಿನ ನಾರನ್ನೇ ತುಂಬಿದ. ಆಲೆಮನೆಯ ಗಾಣದ ಇಂಜಿನ್ನು ನೋಡಿಕೊಳ್ಳುತ್ತಿದ್ದ ಕೆಂಪಣ್ಣ ಅವನಿಗೆ ಜೊತೆ. ಕೆಂಪಣ್ಣ ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸಿದವನು; ನಟ್ಟು ಬೋಲ್ಟುಗಳನ್ನೂ ಲೇ ಲಾ ಅಂತಲೇ ಮಾತಾಡಿಸುತ್ತಿದ್ದ.

ಮೂರನೇ ವರ್ಷ, ಅಂದರೆ ಪಾಕಿಸ್ತಾನದ ಯುದ್ಧ ಮುಗಿದ ಮರುವರ್ಷ, ಮರಿಸ್ವಾಮಿ ಕೈಹಾಕಿದ್ದು ಬ್ರೇಕಿಗೆ. ಕಾರಿಗಿದ್ದದ್ದು ತಂತಿ ಬ್ರೇಕು. ಎತ್ತಿನ ಮೂಗುದಾರದ ಹಾಗೆ, ಎಳೆದರೆ ಒಂದು ಗಾಲಿ ಹಿಡಿದರೆ ಇನ್ನೊಂದು ಬಿಡುತ್ತಿತ್ತು. ಅದನ್ನೆಲ್ಲ ಕಿತ್ತು, ಗುಜರಿಗೆ ಬಿದ್ದ ಬೇರೊಂದು ಕಾರಿನಿಂದ ಎಣ್ಣೆ ಬ್ರೇಕು ತಂದು ಕೂರಿಸಿದ. ಪೆಡಲು ತುಳಿದರೆ ಎಣ್ಣೆ ಕೊಳವೆಯಲ್ಲಿ ಒತ್ತಿಕೊಂಡು ಹೋಗಿ, ಗಾಲಿಯೊಳಗಿನ ಸಣ್ಣ ರಬ್ಬರು ಬಟ್ಟಲುಗಳನ್ನು ತಳ್ಳಿ, ನಾಲ್ಕು ಗಾಲಿಯನ್ನೂ ಒಂದೇ ಏಟಿಗೆ ಹಿಡಿಯುತ್ತದೆ. ಆದರೆ ಬ್ರೇಕಿನ ಎಣ್ಣೆ ಆ ವರ್ಷ ಮೈಸೂರಿನಲ್ಲೂ ಸಿಗಲಿಲ್ಲ. ಆಗ ಕೆಂಪಣ್ಣ ಬರ್ಮಾ ವಿದ್ಯೆ ತೆಗೆದ. "ಅರ್ಧ ಹರಳೆಣ್ಣೆ, ಅರ್ಧ ಸ್ಪಿರಿಟ್ಟು. ನಮ್ ಲಾರಿಗಳಿಗೆಲ್ಲ ಅದ್ನೇ ಉಯ್ತಿದ್ದುದು ಕಣ್ಲಾ. ಅದ್ರಲ್ಲೇ ಬೆಟ್ಟ ಇಳ್ದಿವ್ನಿ."

ಹರಳೆಣ್ಣೆಗೆ ಮನೆಯಲ್ಲಿ ಬರವಿರಲಿಲ್ಲ. ಅಂದಾನಯ್ಯನವರ ಹೆಂಡತಿ ಬೆಟ್ಟಮ್ಮ ಹಿತ್ತಿಲಿನ ಹರಳನ್ನು ತಾನೇ ಹುರಿದು, ಕುಟ್ಟಿ, ಕಾಯಿಸಿ ಎಣ್ಣೆ ತೆಗೆಯುತ್ತಿದ್ದಳು. ಅದರಲ್ಲಿ ಒಂದು ಸೀಸೆಯನ್ನು ಮರಿಸ್ವಾಮಿ ಅಟ್ಟದ ಮೇಲಿಟ್ಟು, "ಇದ್ನ ಯಾರೂ ಮುಟ್ಟಂಗಿಲ್ಲ," ಎಂದು ಮನೆಯವರಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದ.

ಆ ಮನೆಗೆ ಮುತ್ತಮ್ಮ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಕೆ.ಆರ್. ಪೇಟೆಯ ಹುಡುಗಿ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದವಳು. ಡಿಗ್ರಿ ಮಾಡಿದ ಸೊಸೆ ಬಂದಿದ್ದಾಳೆಂದು ನೋಡಲು ಬಂದ ಹೆಂಗಸರು, ಕೂತಷ್ಟು ಹೊತ್ತೂ ಇವಳು ಚಾಪೆಯ ಅಂಚನ್ನೇ ಕೀಳುತ್ತಿದ್ದುದನ್ನು ನೋಡಿ, "ಓದಿದ್ದೆಲ್ಲ ಒಳೀಕೇ ಐತೆ ಕಣವ್ವ, ಈಚೆಗೆ ಬರಾಕೆ ದಾರಿ ಸಿಕ್ಕಿಲ್ಲ," ಎಂದು ಹೋಗಿದ್ದರು. ಮಾತಿಲ್ಲವೆಂದಲ್ಲ. ಹೇಳಬೇಕಾದದ್ದು ಅವಳಿಗೆ ಯಾವಾಗಲೂ ಒಂದು ಗಳಿಗೆ ತಡವಾಗಿ ಸಿಗುತ್ತಿತ್ತು. ಅಷ್ಟರಲ್ಲಿ ಬೇರೆಯವರು ಇನ್ನೆಲ್ಲಿಗೋ ಹೋಗಿಬಿಟ್ಟಿರುತ್ತಿದ್ದರು. ಉಳಿದ ಮಾತನ್ನು ನೋಟುಪುಸ್ತಕದಲ್ಲಿ ಬರೆದಿಡುವುದು ಹಾಸ್ಟೆಲಿನಿಂದ ಬಂದ ಅಭ್ಯಾಸ. ಮಾವನವರ ಎದುರಿಗಂತೂ ಈ ಎಂಟು ತಿಂಗಳಲ್ಲಿ ಒಂದು ಪೂರ್ತಿ ವಾಕ್ಯ ಆಡಿದವಳಲ್ಲ. ಆಡಬೇಕೆಂದು ಯಾರೂ ಕೇಳಿರಲೂ ಇಲ್ಲ. ಆ ಮನೆಯಲ್ಲಿ ಸೊಸೆಯರ ನಡವಳಿಕೆಯೇ ಹಾಗೆ.

ಗಂಡನಿಗೆ ಅವಳಿಂದ ಒಂದು ಉಪಯೋಗವಾಗಿತ್ತು. ಎಣ್ಣೆ ಬ್ರೇಕಿನ ಜೊತೆ ಸಿಕ್ಕ ಇಂಗ್ಲಿಷ್ ಪುಸ್ತಕವನ್ನು ಅವಳು ಕನ್ನಡದಲ್ಲಿ ಬರೆದುಕೊಟ್ಟಿದ್ದಳು. ಒಂದು ಸಾಲನ್ನು ಕೆಂಪು ಮಸಿಯಲ್ಲಿ ಬರೆದಿದ್ದಳು: ಇಂಜಿನ್ ಎಣ್ಣೆಯನ್ನು ಯಾವ ಕಾರಣಕ್ಕೂ ಹಾಕಕೂಡದು, ರಬ್ಬರು ಊದಿಕೊಂಡು ಕೆಡುತ್ತದೆ, ಬ್ರೇಕು ಕೈಕೊಡುತ್ತದೆ.

ಇವಳ ನಾದಿನಿ ಗೌರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬಿತ್ತು. ಅವಳನ್ನು ಕರೆದೊಯ್ಯಲು ಗಂಡ ಹೊನ್ನಪ್ಪ ನಾಗಮಂಗಲದಿಂದ ಬುಧವಾರ ಬಂದಿಳಿದ. ಶುಕ್ರವಾರ ಮನೆಮಗಳನ್ನು ಕಳಿಸುವಂತಿಲ್ಲ. ಗುರುವಾರ ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಹೊರಡಬೇಕು. ತಂಗಿಯನ್ನೂ ಕೂಸನ್ನೂ ತನ್ನ ಕಾರಿನಲ್ಲೇ ಬಿಟ್ಟು ಬರುತ್ತೇನೆಂದು ಮರಿಸ್ವಾಮಿ ಮೂರು ತಿಂಗಳಿಂದ ಹೇಳುತ್ತ ಬಂದಿದ್ದ. ಗೌರಮ್ಮನೂ ಕಾರಿನಲ್ಲಿ ಹೋಗಿ ವಾರಗಿತ್ತಿಯರ ಮುಂದೆ ಇಳಿಯುವ ಗಳಿಗೆಯನ್ನು ಅಷ್ಟೇ ದಿನದಿಂದ ಮನಸ್ಸಿನಲ್ಲಿ ನೂರು ಸಲ ಇಳಿದಿದ್ದಳು.

"ಎಂಡ್ತಿ ಮಗೀಗೆ ಕಾರು, ಗಂಡಂಗೆ ಬಸ್ಸು," ಎಂದ ಹೊನ್ನಪ್ಪ. "ಇದ್ಯಾವ ಶಾಸ್ತ್ರ ಭಾವ?"

"ಇರಾದು ಎರಡೇ ಸೀಟು ಕಣಪ್ಪ. ನಿನ್ನೇನು ಕಾರ್ ಮೂತಿ ಮ್ಯಾಲೆ ಕೂರುಸ್ಕೊಂಡು ಓಗ್ಲಾ?"

ಸೋಮವಾರವೇ ಮರಿಸ್ವಾಮಿ ಸೀಸೆಯ ಎಣ್ಣೆಯನ್ನೂ ಸ್ಪಿರಿಟ್ಟನ್ನೂ ಒಂದು ತಗಡಿನ ಡಬ್ಬದಲ್ಲಿ ಕಲಸಿ ಬ್ರೇಕಿಗೆ ತುಂಬಿದ್ದ. ಉಳಿದ ನಾಲ್ಕು ಬೆರಳಿನಷ್ಟನ್ನು ಗೌರಮ್ಮನ ಟಾನಿಕ್ಕಿನ ಖಾಲಿ ಬಾಟಲಿಗೆ ಹೊಯ್ದು ಕೋಣೆಯ ಕಿಟಕಿಯಲ್ಲಿಟ್ಟಿದ್ದ. ಬುಧವಾರ ನಾಲೆಯ ಏರಿಯ ಮೇಲೆ ಅರ್ಧ ಮೈಲಿ ಓಡಿಸಿ ನೋಡಿದ್ದೂ ಆಗಿತ್ತು. "ಬ್ರೇಕು ಏನ್ ಬಿಗಿಯಾಗೈತೆ ಅಂತೀಯ! ಕಾಲು ಮಡಗುದ್ರೆ ಸಾಕು," ಎಂದು ಕುಣಿದಿದ್ದ. ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಹೊಸದಲ್ಲವೇ, ಬರುತ್ತದೆ ಎಂದುಕೊಂಡರು.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮುತ್ತಮ್ಮ ಆರತಿಯ ತಟ್ಟೆ ತೆಗೆಯಲು ಕೋಣೆಗೆ ಹೋದಳು. ಕಿಟಕಿಯಿಂದ ಬಿಸಿಲು ಬಿದ್ದು ಟಾನಿಕ್ಕಿನ ಬಾಟಲಿ ಹೊಳೆಯುತ್ತಿತ್ತು. ತಟ್ಟೆ ತೆಗೆದುಕೊಂಡು ಹೊರಟವಳು ತಿರುಗಿ ಬಂದು ಬಾಟಲಿಯನ್ನು ನೋಡಿದಳು.

ನಡುವೆ ಒಂದು ಗೆರೆ. ಚಾಕುವಿನಿಂದ ಕೊಯ್ದಂತೆ ನೇರ. ಗೆರೆಯ ಕೆಳಗೆ ಜೇನಿನ ಬಣ್ಣ, ಮೇಲೆ ನೀರಿನಂಥ ತಿಳಿ.

ಅವಳು ಬಾಟಲಿಯನ್ನು ಎತ್ತಿ ಅಲ್ಲಾಡಿಸಿದಳು. ಒಳಗೆಲ್ಲ ಮಜ್ಜಿಗೆಯಂತೆ ಕದಡಿತು. ಕಿಟಕಿಯಲ್ಲಿಟ್ಟು ಕಾದಳು. ಕಾಯುವಾಗ ಕಾಲೇಜಿನ ಪ್ರಯೋಗಶಾಲೆಯ ಕಲ್ಲುಹಾಸಿನ ಮೇಜು, ಅದರ ವಾಸನೆ, ಎಲ್ಲ ಕಣ್ಣೆದುರಿಗೆ ಬಂತು. ಹರಳೆಣ್ಣೆ ಸ್ಪಿರಿಟ್ಟಿನಲ್ಲಿ ಕರಗಿ ಒಂದಾಗುತ್ತದೆ; ಒಮ್ಮೆ ಕರಗಿದ್ದು ಬೇರೆಯಾಗುವುದಿಲ್ಲ. ಇಂಜಿನ್ ಎಣ್ಣೆ ಕರಗುವುದೇ ಇಲ್ಲ. ಇಷ್ಟು ಗೊತ್ತಿದ್ದವಳು ಬಾಟಲಿಯ ಮುಂದೆ, ಗೆರೆ ಬಾರದಿರಲಿ ಎಂದು ಬೇಡಿಕೊಳ್ಳುತ್ತ ನಿಂತಳು. ಗೆರೆ ಬಂತು.

ಒಂದು ತೊಟ್ಟನ್ನು ಬೆರಳಿಗೆ ಹಚ್ಚಿ ಮೂಸಿದಳು. ಬಾಣಂತಿ ಕೋಣೆಯ ವಾಸನೆಯಲ್ಲ, ಪಂಪುಸೆಟ್ಟು ಮನೆಯದು.

ಆಗ ನೆನಪಾಯಿತು. ಜಾಡಿಯ ಹರಳೆಣ್ಣೆ ಮುಗಿಯಿತೆಂದು ಅತ್ತೆ ಶುಕ್ರವಾರ ಗೊಣಗಿದ್ದಳು. ಶನಿವಾರ ಕೂಸಿನ ನೆತ್ತಿಗೆ ಕೈತುಂಬ ಹರಳೆಣ್ಣೆ ತಟ್ಟುತ್ತಿದ್ದಳು.

ಮುತ್ತಮ್ಮ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಮುಚ್ಚಿ ಅಡಿಗೆಮನೆಗೆ ಹೋದಳು. ಬೆಟ್ಟಮ್ಮ ಬುಟ್ಟಿಗೆ ತಂಬಿಟ್ಟು ಜೋಡಿಸುತ್ತಿದ್ದಳು.

"ಅತ್ತೆ."

"ಊ."

"ಅಟ್ಟದ ಮೇಲಿನ ಸೀಸೇಲಿ ಇದ್ದ ಹರಳೆಣ್ಣೆ..."

ಬೆಟ್ಟಮ್ಮನ ಕೈ ನಿಂತಿತು. ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

"ಯಾರ್ ಯೋಳುದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಬಾಟ್ಲೀಲಿ ಎಣ್ಣೆ ಬೇರೆ ಆಗಿದೆ."

"ತಕ್ಕೊಂಡೆ ಕಣವ್ವ. ಕೂಸಿಗೆ ಒಟ್ಟೆ ಕಟ್ಕೊಂಡಿತ್ತು, ನೆತ್ತಿ ಕೆಂಡದಂಗೆ ಸುಡ್ತಿತ್ತು. ಬಾಣ್ತಿ ಮನೇಲಿ ಹರಳೆಣ್ಣೆ ಇಲ್ದೆ ಆಯ್ತದಾ? ತಕ್ಕೊಂಡೋಳು ಬರೀ ಸೀಸೆ ಮಡಗಿಲ್ಲ. ಪಂಪುಸೆಟ್ಟಿನ ಡಬ್ಬದಿಂದ ಹೊಸಾ ಎಣ್ಣೆ ತುಂಬಿ ಅಂಗೇ ಮಡಗಿವ್ನಿ. ಅದೂ ಇಂಜಿನ್ನು, ಇದೂ ಇಂಜಿನ್ನು. ಕೂಸಿಗೆ ಕೂಸಿನ ಎಣ್ಣೆ, ಕಾರಿಗೆ ಕಾರಿನ ಎಣ್ಣೆ. ಬಣ್ಣಾನೂ ಒಂದೇಯ."

"ಬ್ರೇಕು ಕೆಡ್ತದೆ ಅತ್ತೆ. ಒಳಗೆ ರಬ್ಬರು..."

"ನೆನ್ನೆ ಓಡುಸ್ನಲ್ಲ, ಕೆಟ್ಟಿತ್ತಾ?"

ಎಣ್ಣೆ ತುಂಬಿ ನಿನ್ನೆಗೆ ಎರಡೇ ದಿನವಾಗಿತ್ತು, ರಬ್ಬರು ಒಮ್ಮೆಗೇ ಊದುವುದಿಲ್ಲ, ಬಿಗಿಯಾಗಿದೆ ಎಂದದ್ದೇ ಕೆಡುವ ಗುರುತು. ಇಷ್ಟೂ ಮುತ್ತಮ್ಮನ ತಲೆಯಲ್ಲಿ ಸಾಲಾಗಿ ನಿಂತಿತ್ತು, ನಾಲಿಗೆಗೆ ಬರಲಿಲ್ಲ.

"ನೋಡು ಮಗ," ಎಂದಳು ಬೆಟ್ಟಮ್ಮ, "ಅಳೀಮಯ್ಯನ ಮುಂದೆ ಈ ಮಾತು ಎತ್ತಬ್ಯಾಡ. ನಿನ್ ಗಂಡನ ಕ್ವಾಪ ನಂಗೊತ್ತು, ಬೀದೀಲಿ ನಿಂತು ಕಿರುಚ್ತಾನೆ. ಅವ್ನು ತಿರ್ಗ ಬರ್ಲಿ, ನಾನೇ ಯೋಳ್ತೀನಿ. ಓಗು, ತಟ್ಟೆಗೆ ಸುಣ್ಣ ಅರಿಶಿನ ಕಲಸು."

ತಿರುಗಿ ಬಂದರೆ ತಾನೆ. ಸುಣ್ಣ ಕಲಸುತ್ತ ಮುತ್ತಮ್ಮನ ಮನಸ್ಸು ದಾರಿಯುದ್ದಕ್ಕೂ ಓಡುತ್ತಿತ್ತು. ಊರು ದಾಟುತ್ತಲೇ ನಾಲೆಯ ಏರಿ. ಒಂದು ಕಡೆ ತುಂಬಿದ ನೀರು. ಶ್ರೀರಂಗಪಟ್ಟಣದಲ್ಲಿ ಸೇತುವೆ. ಗಂಜಾಮಿನಲ್ಲಿ ನಿಮಿಷಾಂಬೆಗೆ ಕೈಮುಗಿದು ಹೋಗುತ್ತಾರೆ. ಅಲ್ಲಿ ಇಳಿಜಾರಿನ ತುದಿಗೇ ಹೊಳೆ. ಪಾಂಡವಪುರ ದಾಟಿದ ಮೇಲೆ ಏರು ಇಳಿವು, ಏರು ಇಳಿವು. ಕೈಬ್ರೇಕಿಗೆ ಹೊಸ ತಂತಿ ಇನ್ನೂ ಕಟ್ಟಿಲ್ಲ. ಹಿಡಿಯುವುದಕ್ಕೆ ಇರುವುದು ಆ ಎಣ್ಣೆಯೊಂದೇ.

ಅಂಗಳದಲ್ಲಿ ಗಂಡ ಕಾರಿನ ಮೂತಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ. ಜಗಲಿಯ ಮೇಲೆ ಮಾವ, ಹೊನ್ನಪ್ಪ. ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೆಂಪಣ್ಣ. ಮುತ್ತಮ್ಮ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಿದಳು. ಎರಡನೇ ಸಲಕ್ಕೆ ಮರಿಸ್ವಾಮಿ ಹತ್ತಿರ ಬಂದ.

"ಏನು?"

"ಆ ಎಣ್ಣೆ..."

ಜಗಲಿಯಲ್ಲಿ ಅಂದಾನಯ್ಯ ಕೆಮ್ಮಿದರು. ಸುಮ್ಮನೆ ಬಂದ ಕೆಮ್ಮು. ಆದರೂ ಮುತ್ತಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಎಣ್ಣೆ ನೀರು ಎಲ್ಲ ನೋಡಿವ್ನಿ. ಗೌರೀನ ಬೇಗ ಹೊರಡ್ಸು," ಎಂದು ಅವನು ಹೋಗಿಯೇಬಿಟ್ಟ.

ಅವಳು ಕೋಣೆಗೆ ಓಡಿ ನೋಟುಪುಸ್ತಕದ ಹಾಳೆ ಹರಿದು ಬರೆದಳು: "ಬ್ರೇಕಿನಲ್ಲಿರುವುದು ಹರಳೆಣ್ಣೆಯಲ್ಲ, ಇಂಜಿನ್ ಎಣ್ಣೆ. ದಯವಿಟ್ಟು ಹೊರಡಬೇಡಿ." ನಾಲ್ಕು ಮಡಿಕೆ ಮಾಡಿ ಕಾಫಿ ಲೋಟದ ಕೆಳಗಿಟ್ಟು ತಾನೇ ತೆಗೆದುಕೊಂಡು ಹೋಗಿ ಕೊಟ್ಟಳು. ಮರಿಸ್ವಾಮಿ ಚೀಟಿ ನೋಡಿದ. ತನ್ನ ಎಣ್ಣೆ ಮೆತ್ತಿದ ಕೈ ನೋಡಿಕೊಂಡ. ಎರಡು ಬೆರಳಲ್ಲಿ ಚೀಟಿ ಹಿಡಿದು ಅಂಗಿಯ ಜೇಬಿಗೆ ತುರುಕಿದ.

"ಏನ್ ಭಾವ ಅದು?" ಎಂದ ಹೊನ್ನಪ್ಪ.

"ನಾಗಮಂಗಲದಿಂದ ಏನೋ ತರಾಕೆ ಚೀಟಿ ಕೊಟ್ಟವ್ಳೆ."

"ಡಿಗ್ರಿ ಎಂಡ್ತಿ ಕಣಪ್ಪ. ಸಂಸಾರ ಎಲ್ಲ ಅರ್ಜಿ ಮೂಲಕವೇ!" ಎಂದು ಹೊನ್ನಪ್ಪ ರೇಗಿಸಿದ.

ಎಲ್ಲರೂ ನಕ್ಕರು. ಕೆಂಪಣ್ಣನೂ ನಕ್ಕ. ಮುತ್ತಮ್ಮ ಬಾಗಿಲ ಹಿಂದಿನಿಂದ ಆ ಜೇಬನ್ನೇ ನೋಡುತ್ತ ನಿಂತಳು. ತೆಗೆಯುತ್ತಾನೆ, ಕಾಫಿ ಮುಗಿದ ಮೇಲೆ ತೆಗೆಯುತ್ತಾನೆ. ಕಾಫಿ ಮುಗಿಯಿತು. ಕೈ ತೊಳೆದ ಮೇಲೆ ತೆಗೆಯುತ್ತಾನೆ. ಕೈ ತೊಳೆದವನು ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ಬಾಚಿಕೊಂಡ.

ಹನ್ನೆರಡೂವರೆಗೆ ಇಂಜಿನ್ನು ಗುಡುಗಿತು. ಅಕ್ಕಪಕ್ಕದವರೆಲ್ಲ ಬಂದು ಬೇಲಿಗೆ ಒರಗಿದರು. ಗೌರಮ್ಮ ಹಸಿರು ಸೀರೆಯುಟ್ಟು, ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಮೊಣಕಾಲೆತ್ತರದ ಬಾಗಿಲನ್ನು ದಾಟಿ ಸೀಟಿನಲ್ಲಿ ಕೂತಳು. ಕೂಸು ಇಂಜಿನ್ನಿನ ಸದ್ದಿಗೆ ಅಳುವ ಬದಲು ಬಾಯಿ ತೆರೆದು ಸುಮ್ಮನಾಗಿತ್ತು.

"ಆರತಿ ಎತ್ರವ್ವ, ಒತ್ತಾಯ್ತು," ಎಂದರು ಅಂದಾನಯ್ಯ.

ಓಕುಳಿಯ ತಟ್ಟೆಯನ್ನು ಇಬ್ಬರು ಮುತ್ತೈದೆಯರು ಹಿಡಿಯಬೇಕು. ಒಂದು ಕಡೆ ಬೆಟ್ಟಮ್ಮ, ಇನ್ನೊಂದು ಕಡೆ ಮುತ್ತಮ್ಮ. ಕೆಂಪು ನೀರಿನ ನಡುವೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ. ಕಾರಿನ ಮೂತಿಯ ಮುಂದೆ ನಿಂತು ಮೂರು ಸುತ್ತು ಎತ್ತಿದರು. ಬೆಟ್ಟಮ್ಮ ಕೂಸಿಗೆ ಬೊಟ್ಟಿಟ್ಟು ಬಂದು, ತಟ್ಟೆಯನ್ನು ಮತ್ತೆ ಹಿಡಿದು, ನೀರು ಚೆಲ್ಲಲೆಂದು ಪಕ್ಕಕ್ಕೆ ಸರಿದಳು.

ತಟ್ಟೆ ಬರಲಿಲ್ಲ.

ಬೆಟ್ಟಮ್ಮ ಎಳೆದಳು. ಸೊಸೆ ಬಿಡಲಿಲ್ಲ, ನಿಂತ ಜಾಗದಿಂದಲೂ ಕದಲಲಿಲ್ಲ. ಓಕುಳಿ ತುಳುಕಿ ಇಬ್ಬರ ಪಾದದ ಮೇಲೂ ಬಿತ್ತು.

"ಸರ್ಕೊಳ್ಳೆ ಮುತ್ತಿ, ಕಾರು ಓಗ್ಬೇಕು," ಎಂದಳು ಬೆಟ್ಟಮ್ಮ ಹಲ್ಲು ಕಚ್ಚಿ.

ಮರಿಸ್ವಾಮಿ ಹಾರನ್ನು ಒತ್ತಿದ. ಬೇಲಿಯ ಹತ್ತಿರ ಯಾರೋ, "ಸೊಸೇಗೂ ಕಾರಲ್ಲಿ ಓಗೋ ಆಸೆ ಕಣ್ರಪ್ಪೋ!" ಎಂದರು. ನಗೆ ಎದ್ದಿತು. ಮುತ್ತಮ್ಮನ ಕಿವಿಯವರೆಗೆ ಬಿಸಿ ಏರಿತು. ಅವಳು ತಟ್ಟೆಯನ್ನು ಅತ್ತೆಯ ಕೈಗೇ ಬಿಟ್ಟು, ಸೆರಗಿನೊಳಗಿಂದ ಬಾಟಲಿ ತೆಗೆದು, ಜೋರಾಗಿ ಅಲ್ಲಾಡಿಸಿ, ಹೊಸ ಬಣ್ಣದ ಮೂತಿಯ ಮೇಲೆ ಟಕ್ಕೆಂದು ಇಟ್ಟಳು.

"ಇಂಜಿನ್ನು ಆಫ್ ಮಾಡಿ," ಎಂದಳು.

ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

"ಆಫ್ ಮಾಡಿ!" ಎಂದು ಕಿರುಚಿದಳು. ಆ ದನಿ ಎಲ್ಲಿಂದ ಬಂತೆಂದು ಅವಳೇ ಒಂದು ಗಳಿಗೆ ಬೆದರಿದಳು.

ಇಂಜಿನ್ನು ನಿಂತಿತು. ನಗುವೂ ನಿಂತಿತು.

"ಇದು ಬ್ರೇಕಿಗೆ ಹುಯ್ದು ಉಳಿದದ್ದು. ಎಲ್ಲಾರೂ ನೋಡ್ತಾ ಇರಿ. ಹರಳೆಣ್ಣೆ ಆಗಿದ್ರೆ ಒಂದೇ ಬಣ್ಣ ಇರ್ತದೆ. ಇದು ಬೇರೆ ಆಗ್ತದೆ."

ಬಾಟಲಿಯೊಳಗೆ ಮಜ್ಜಿಗೆಯಂಥದ್ದು ಸುತ್ತುತ್ತಿತ್ತು. ಏನೂ ಆಗಲಿಲ್ಲ. ಅಂದಾನಯ್ಯ ಜಗಲಿಯಿಂದ ಇಳಿದು ಬಂದರು. ಇನ್ನೂ ಏನೂ ಆಗಲಿಲ್ಲ. ಬಿಸಿಲಲ್ಲಿ ನಿಂತ ಅಷ್ಟು ಜನ ಒಂದು ಟಾನಿಕ್ಕಿನ ಬಾಟಲಿಯನ್ನು ನೋಡುತ್ತಿದ್ದರು. ಮುತ್ತಮ್ಮ ಮಾತ್ರ ತನ್ನ ಕೆಂಪಾದ ಪಾದಗಳನ್ನು ನೋಡುತ್ತಿದ್ದಳು. ಆಮೇಲೆ ಕೆಂಪಣ್ಣ ಬಾಯಿಯಿಂದ ಬೀಡಿ ತೆಗೆದ.

"ಅಯ್ಯೋ ಶಿವ್ನೆ. ಗೆರೆ ಬಿತ್ತು."

"ಬಿದ್ರೆ ಏನೀಗ?" ಎಂದ ಮರಿಸ್ವಾಮಿ. ಮುಖ ಬೆವರಿತ್ತು. "ಬ್ರೇಕು ಚೆನ್ನಾಗೈತೆ. ಬಿಗಿಯಾಗೈತೆ."

"ಬಿಗಿಯಾಗಿರದಲ್ಲ ಕಣ್ಲಾ, ಇಡ್ಕೊಂಡಿರಾದು. ಗೇರು ತಗಿ. ಗೌರವ್ವ, ನೀ ಕೂಸು ತಕ್ಕೊಂಡು ಇಳಿ. ಬನ್ರಪ್ಪ, ತಳ್ರಿ."

ಹೊನ್ನಪ್ಪ, ಕೆಂಪಣ್ಣ, ಬೇಲಿಯ ಕಡೆಯಿಂದ ಬಂದ ಇಬ್ಬರು. ನಾಲ್ಕು ಜನ ಭುಜ ಕೊಟ್ಟು ತಳ್ಳಿದರು. ಹೋದ ವಾರ ಮರಿಸ್ವಾಮಿ ಒಬ್ಬನೇ ಒಂದು ಕೈಯಲ್ಲಿ ತಳ್ಳಿ ಕೊಟ್ಟಿಗೆಗೆ ಸೇರಿಸಿದ್ದ ಕಾರು, ನೆಲಕ್ಕೆ ಬೇರುಬಿಟ್ಟಂತೆ ಮುಲುಗಿತೇ ಹೊರತು ಉರುಳಲಿಲ್ಲ. ಕಾಲು ಪೆಡಲಿನ ಮೇಲಿಲ್ಲ, ಬ್ರೇಕು ಬಿಟ್ಟಿಲ್ಲ.

"ಈಗ ಬುಡಲ್ಲ," ಎಂದ ಕೆಂಪಣ್ಣ ಏದುಸಿರಿನಲ್ಲಿ. "ಕಾದು ಕಾದು ನಾಲೆ ಏರಿ ಮ್ಯಾಲೆ ಒಂದೇ ಕಿತ ಬುಟ್ಬುಡ್ತದೆ. ಆವಾಗ ಇಡಿಯಲ್ಲ. ನಾ ಕಂಡಿವ್ನಿ."

ಮರಿಸ್ವಾಮಿ ಕಾರಿನಿಂದ ಇಳಿದ. ಬಾಟಲಿಯನ್ನು ಕೈಗೆ ತೆಗೆದುಕೊಂಡು ಮೂಸಿದ. ಅವನ ದನಿ ಏರಿತು.

"ಅಟ್ಟದ ಸೀಸೆ ಮುಟ್ಟಿದ್ದು ಯಾರು?"

ಅವನು ಹೆಂಡತಿಯ ಕಡೆ ತಿರುಗಿದ.

"ನೀನಾ? ನಿಂಗೆಂಗೆ ಗೊತ್ತಾಯ್ತು? ನೀನೇ ಮುಟ್ಟಿದ್ದಾ?"

ಮುತ್ತಮ್ಮ ತಲೆ ತಗ್ಗಿಸಿಯೇ ನಿಂತಿದ್ದಳು. ಅಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಹೌದು ಎನ್ನುವುದು ಸುಳ್ಳು.

"ಅವ್ಳನ್ಯಾಕ್ಲಾ ಕೇಳ್ತೀಯ?" ಎಂದಳು ಬೆಟ್ಟಮ್ಮ. ಆರತಿಯ ತಟ್ಟೆಯನ್ನು ಅವಳು ಇನ್ನೂ ಎರಡು ಕೈಯಲ್ಲಿ ಹಿಡಿದೇ ಇದ್ದಳು. ಕಣ್ಣು ಮಾತ್ರ ಗೌರಮ್ಮನ ಹೆಗಲ ಮೇಲಿದ್ದ ಕೂಸನ್ನು ಬಿಟ್ಟು ಆಚೆ ಹೋಗುತ್ತಿರಲಿಲ್ಲ. "ನಾನು ಕಣ್ಲಾ. ಕೂಸಿಗೆ ಬೇಕಿತ್ತು, ತಕ್ಕೊಂಡೆ. ಬದ್ಲಿಗೆ ಪಂಪುಸೆಟ್ಟಿನ ಎಣ್ಣೆ ತುಂಬುದೆ. ಇವ್ಳು ಬೆಳಿಗ್ಗೇನೇ ಬಡ್ಕೊಂಡ್ಳು. ಯೋಳಬ್ಯಾಡ ಅಂತ ನಾನೇ ಬಾಯ್ ಮುಚ್ಚುಸ್ದೆ. ಕಿರು­ಚಾದಿದ್ರೆ ನನ್ ಮ್ಯಾಲೆ ಕಿರುಚು."

ಮರಿಸ್ವಾಮಿ ಕಿರುಚಲಿಲ್ಲ. ಬಾಟಲಿಯನ್ನು ಮೂತಿಯ ಮೇಲೆ ಮತ್ತೆ ಮೊದಲಿನ ಜಾಗದಲ್ಲೇ ಇಟ್ಟು, ಕೊಟ್ಟಿಗೆಯೊಳಗೆ ಹೋಗಿ ಕೂತುಬಿಟ್ಟ.

"ಒಂದು ಗಂಟೆ ಬಸ್ಸು ಐತೆ," ಎಂದರು ಅಂದಾನಯ್ಯ. "ರಾಹುಕಾಲಕ್ಕೆ ಮುಂಚೆ ಸಿಗ್ತದೆ. ನಡೀರಿ."

ಗೌರಮ್ಮ ಅಳುತ್ತ ನಡೆದಳು. ಕಾರಿನ ಆಸೆ ಅವಳಿಗೆ ಸಣ್ಣದಾಗಿರಲಿಲ್ಲ. ಅತ್ತಿಗೆಯನ್ನು ದಾಟಿ ಹೋಗುವಾಗ ಅವಳು ತಿರುಗಿಯೂ ನೋಡಲಿಲ್ಲ. ಹೊನ್ನಪ್ಪ ತಂಬಿಟ್ಟಿನ ಬುಟ್ಟಿಯನ್ನು ತಲೆಗೇರಿಸಿ, "ಅಂತೂ ಎಂಡ್ತಿ ಜೊತೇಲಿ ಕೂರೋ ಯೋಗ ಬಂತು," ಎಂದ. ಯಾರೂ ನಗಲಿಲ್ಲ. ಬಸ್ಸು ನಿಂತಾಗ ಬೆಟ್ಟಮ್ಮ ತಟ್ಟೆಯಲ್ಲಿ ಉಳಿದಿದ್ದ ಓಕುಳಿಯನ್ನು ಬಸ್ಸಿಗೇ ಎತ್ತಿದಳು. ಡ್ರೈವರು ಗಾಬರಿಯಿಂದ ಕೈಮುಗಿದ.

ಮಧ್ಯಾಹ್ನ ಕೆಂಪಣ್ಣ ಒಂದು ಗಾಲಿ ಬಿಚ್ಚಿದ. ಒಳಗಿನ ರಬ್ಬರು ಬಟ್ಟಲುಗಳು ನೆನೆಹಾಕಿದ ಅವರೆಕಾಳಿನಂತೆ ಊದಿ, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿದ್ದವು. ಮೂರು ತಿಂಗಳ ಕೆಲಸ. ಕೆಂಪಣ್ಣ ಅವನ್ನು ಸಾಲಾಗಿ ಒಂದು ಬಾಳೆಲೆಯ ಮೇಲಿಟ್ಟ. ಮರಿಸ್ವಾಮಿ ಒಂದನ್ನು ಎತ್ತಿ ನೋಡಿ ಮತ್ತೆ ಎಲೆಯ ಮೇಲಿಟ್ಟ.

ಅಂದಿನಿಂದ ಅವನು ಮನೆಯಲ್ಲಿ ಮಾತು ಬಿಟ್ಟ. ಅವ್ವನ ಮೇಲಿನ ಕೋಪ ನಾಲ್ಕೇ ದಿನಕ್ಕೆ ಇಳಿಯಿತು. ಬೆಟ್ಟಮ್ಮ ತಟ್ಟೆಯ ಮುಂದೆ ಕೂತು ಬೈದು ಬೈದು ಉಣ್ಣಿಸಿದಳು. ಹೆಂಡತಿಯ ಜೊತೆಗಿನ ಮೌನ ಮಾತ್ರ ಇಳಿಯಲಿಲ್ಲ. ಅದು ಕೋಪವೋ, ಅಷ್ಟು ಜನರೆದುರು ತನ್ನ ಬ್ರೇಕನ್ನು ಬಯಲು ಮಾಡಿದ ನಾಚಿಕೆಯೋ, ಮುತ್ತಮ್ಮನಿಗೆ ತಿಳಿಯಲಿಲ್ಲ. ಅವಳು ಆ ಗಳಿಗೆಯನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು. ಬೆಳಿಗ್ಗೆ ಬಾಗಿಲ ಹಿಂದೆ ನಿಂತಾಗಲೇ ಮಾವ ಕೆಮ್ಮಿದರೂ ಸರಿಯೆಂದು ಹೇಳಿಬಿಟ್ಟಿದ್ದರೆ? ಅತ್ತೆಯ ಮಾನವೂ ಗಂಡನ ಮಾನವೂ ಎರಡೂ ಉಳಿಯುತ್ತಿದ್ದವಲ್ಲ. ನೀರು ಸೇದುವಾಗ, ರಾಗಿ ಕೇರುವಾಗ, ಅದೇ ಲೆಕ್ಕ. ಅಂಗಳದಲ್ಲಿ ಗಾಲಿಯಿಲ್ಲದ ಕಾರು ನಾಲ್ಕು ದಿಮ್ಮಿಗಳ ಮೇಲೆ ಕೂತಿತ್ತು. ಅದರ ಮುಂದೆ ಹಾದು ಹೋಗುವಾಗಲೆಲ್ಲ ಅವಳ ನಡಿಗೆ ತಾನಾಗಿ ಬಿರುಸಾಗುತ್ತಿತ್ತು.

ಒಂದು ಸೋಮವಾರ ಬಟ್ಟೆ ಒಗೆಯಲು ಹಾಕುವಾಗ ಅವನ ಅಂಗಿಯ ಜೇಬಿನಲ್ಲಿ ಚೀಟಿ ಸಿಕ್ಕಿತು. ಅವಳು ಮಡಿಸಿದ್ದು ನಾಲ್ಕು ಮಡಿಕೆ. ಈಗ ಎರಡೇ ಇದ್ದವು. "ದಯವಿಟ್ಟು" ಎಂಬ ಮಾತಿನ ಪಕ್ಕ ಗ್ರೀಸಿನ ಒಂದು ಹೆಬ್ಬೆರಳು ಒತ್ತಿತ್ತು. ಅವಳು ಚೀಟಿಯನ್ನು ತಾನಿಟ್ಟುಕೊಳ್ಳಲಿಲ್ಲ. ಅಂಗಿ ಒಣಗಿದ ಮೇಲೆ ಅದೇ ಜೇಬಿಗೆ ಸೇರಿಸಿದಳು.

ಹದಿನೆಂಟನೇ ದಿನ ಬೆಂಗಳೂರಿನಿಂದ ಹೊಸ ರಬ್ಬರು ಬಂತು. ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದು, ರಬ್ಬರು ಕೂರಿಸಿ, ಅವ್ವ ಕಣ್ಣೆದುರೇ ಕಾಯಿಸಿಕೊಟ್ಟ ಹರಳೆಣ್ಣೆಯನ್ನು ಕಲಸಿ, ಮರಿಸ್ವಾಮಿ ಬ್ರೇಕಿಗೆ ತುಂಬಿದ. ಇನ್ನು ಒಂದೊಂದೇ ಗಾಲಿಯ ಕಡೆಯಿಂದ, ಕೊಳವೆಯೊಳಗೆ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬ ಕಾರಿನ ಕೆಳಗೆ ಮಲಗಿ ತಿರುಪು ಬಿಚ್ಚಬೇಕು, ಇನ್ನೊಬ್ಬ ಮೇಲೆ ಕೂತು ಪೆಡಲು ಒತ್ತಬೇಕು. ಕೆಂಪಣ್ಣ ಇರಲಿಲ್ಲ, ಆಲೆಮನೆ ಶುರುವಾಗಿ ಗಾಣ ಬಿಟ್ಟು ಬರುವಂತಿರಲಿಲ್ಲ.

ಮರಿಸ್ವಾಮಿ ಅಂಗಳದ ನಡುವೆ ನಿಂತು ಅತ್ತಿತ್ತ ನೋಡಿದ.

"ನಾ ಬರ್ಲಾ ಮಗ?" ಎಂದಳು ಬೆಟ್ಟಮ್ಮ.

"ನೀ ಮಾತ್ರ ಬರಬ್ಯಾಡ ಕಣವ್ವ!"

ಜಗಲಿಯಲ್ಲಿ ಅಂದಾನಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮರಿಸ್ವಾಮಿ ಬಾಗಿಲ ಕಡೆ ತಿರುಗಿ, ಯಾರ ಹೆಸರನ್ನೂ ಹಿಡಿಯದೆ, "ಬಾ ಇಲ್ಲಿ," ಎಂದ.

ಮುತ್ತಮ್ಮ ಕೈ ಒರೆಸಿಕೊಂಡು ಬಂದಳು. ಮಾವನವರ ಎದುರೇ ಸೀರೆ ಎತ್ತಿ ಹಿಡಿದು, ಮೊಣಕಾಲೆತ್ತರದ ಬಾಗಿಲು ದಾಟಿ, ತೆಂಗಿನ ನಾರಿನ ಸೀಟಿನಲ್ಲಿ ಕೂತಳು. ಬರಿಗಾಲಿಗೆ ಪೆಡಲು ತಣ್ಣಗೆ ತಾಗಿತು. ಗಂಡ ಕೆಳಗೆ ನುಸುಳಿದ; ಅವನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

"ಒತ್ತು."

ಒತ್ತಿದಳು. "ಒತ್ತಿದೀನಿ," ಎಂದಳು.

"ಒತ್ತಿದ್ಯಾ ಇಲ್ವಾ?"

"ಒತ್ತಿದೀನಿ."

ಕೆಳಗಿನಿಂದ ರೇಗಿದ ದನಿ ಬಂತು. "ಬಾಯ್ ಬುಟ್ಟು ಯೋಳು. ನಂಗೆ ಇಲ್ಲಿಂದ ಏನೂ ಕಾಣಕ್ಕಿಲ್ಲ. ನಾನು ತಿರುಪು ಬಿಗಿಯಾಕೆ ಮುಂಚೆ ನೀನು ಕಾಲ್ ಎತ್ತಿದ್ರೆ ಗಾಳಿ ಒಳೀಕೆ ಓಯ್ತದೆ, ಮೊದ್ಲಿಂದ ಮಾಡ್ಬೇಕು." ಒಂದು ಕ್ಷಣ ಬಿಟ್ಟು, ಸ್ವಲ್ಪ ತಗ್ಗಿ, "ಅವತ್ತು ಕೂಗ್ದಂಗೆ ಕೂಗು," ಎಂದ.

ಅವಳು ಜಗಲಿಯ ಕಡೆ ನೋಡಿದಳು. ಅಂದಾನಯ್ಯ ಎಲೆ ಮಡಚುವುದನ್ನು ನಿಲ್ಲಿಸಿದ್ದರು.

"ಒತ್ತಿದೀನಿ!"

ಕೊಟ್ಟಿಗೆಯಲ್ಲಿ ಕರು ತಲೆಯೆತ್ತಿತು. ತಿರುಪು ಬಿಚ್ಚಿಕೊಂಡು ಪೆಡಲು ಕಾಲಡಿಯಲ್ಲಿ ಮೆಲ್ಲಗೆ ಕುಸಿಯಿತು. ಕೊಳವೆಯ ತುದಿ ಇಳಿಬಿಟ್ಟು ಕೆಳಗಿಟ್ಟಿದ್ದ ಟಾನಿಕ್ಕಿನ ಬಾಟಲಿಯೊಳಗೆ ಗುಳುಗುಳು ಎಂದು ಗಾಳಿ ಬಂತು.

"ಬುಡಬ್ಯಾಡ!"

"ಬಿಟ್ಟಿಲ್ಲ!"

"ಹ್ಞಾ, ಈಗ ಬುಡು. ಇನ್ನೊಂದು ಕಿತ. ಒತ್ತು."

ಅವಳು ಮತ್ತೆ ಕಾಲೂರಿದಳು. ಇನ್ನೂ ಮೂರು ಗಾಲಿ ಬಾಕಿಯಿದ್ದವು.